ಮಾತ್ರೆಗಿಂತ ಮೊದಲು ಕಲ್ಚರ್: ಮಲೆನಾಡಿನ ಜ್ವರಗಳು ಲ್ಯಾಬಿನಲ್ಲಿ ಏಕೆ ತಪ್ಪಿಸಿಕೊಳ್ಳುತ್ತವೆ?

ಮಲೆನಾಡಿನಲ್ಲಿ ನಾಟಿ ಶುರುವಾಯಿತು ಅಂದರೆ ಜ್ವರದ ಕಾಲವೂ ಶುರುವಾಯಿತು ಅಂತಲೇ ಲೆಕ್ಕ. ತೀರ್ಥಹಳ್ಳಿ, ಹೊಸನಗರ, ಸಾಗರದ ಕ್ಲಿನಿಕ್‌ಗಳಲ್ಲಿ ಮಳೆಗಾಲ ಪೂರ್ತಿ ಕೂರಲು ಜಾಗ ಸಿಗುವುದು ಕಷ್ಟ. ಬಂದವರಲ್ಲಿ ಬಹಳ ಮಂದಿ ಅಷ್ಟರಲ್ಲೇ ಏನೋ ಒಂದು ಔಷಧಿ ನುಂಗಿರುತ್ತಾರೆ. ಮೆಡಿಕಲ್ ಶಾಪಿನಲ್ಲಿ "ಅಣ್ಣಾ, ಜ್ವರಕ್ಕೆ ಸ್ವಲ್ಪ ಸ್ಟ್ರಾಂಗ್ ಇರೋದು ಕೊಡಿ" ಅಂದರೆ ಸಾಕು, ಅಜಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್‌ನ ಮೂರು ಮಾತ್ರೆ ಕೈಗೆ ಬರುತ್ತದೆ. ಅದರಲ್ಲಿ ಎರಡು ತಿಂದು, ಜ್ವರ ಇಳಿಯಲಿಲ್ಲ ಅಂತ ಡಾಕ್ಟರ ಹತ್ತಿರ ಹೋಗುತ್ತಾರೆ. ಅಲ್ಲೂ ಇಳಿಯದಿದ್ದರೆ ಶಿವಮೊಗ್ಗ. ಅಲ್ಲಿ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಐದು ದಿನ ಕಳೆದ ಮೇಲೆ ರಿಪೋರ್ಟ್ ಬರುತ್ತದೆ: ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲ.

ಮನೆಯವರು ಈ ಸಾಲನ್ನು "ಇನ್ಫೆಕ್ಷನ್ ಇಲ್ಲ" ಅಂತ ಓದಿಕೊಳ್ಳುತ್ತಾರೆ. ಸುಮ್ನೆ ದುಡ್ಡು ದಂಡ ಅಂತಲೂ ಗೊಣಗುತ್ತಾರೆ. ಆದರೆ ಲ್ಯಾಬ್ ಹೇಳಿದ್ದು ಬೇರೆ. ನೀವು ಕೊಟ್ಟ ಸ್ಯಾಂಪಲ್‌ನಲ್ಲಿ, ನಾವು ಹಾಕಿದ ಆಹಾರದಲ್ಲಿ, ನಾವು ಇಟ್ಟ ಬಿಸಿಯಲ್ಲಿ, ನಾವು ಕಾದಷ್ಟು ದಿನದಲ್ಲಿ ಏನೂ ಬೆಳೆಯಲಿಲ್ಲ ಅಂತ ಮಾತ್ರ ಅದರ ಅರ್ಥ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಬ್ಯಾಕ್ಟೀರಿಯಾ ಇದ್ದೂ ಸಿಗುವುದಿಲ್ಲ. ಮಲೆನಾಡಿನ ಮಟ್ಟಿಗೆ ಎಡವಟ್ಟಾಗುವುದು ಹೆಚ್ಚಾಗಿ ಸ್ಯಾಂಪಲ್ ಯಂತ್ರದೊಳಗೆ ಹೋಗುವ ಮೊದಲೇ ಅನ್ನುವುದು ನನ್ನ ವಾದ. ದೊಡ್ಡ ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿರುವವರಿಗೆ ಇದು ರುಚಿಸದೇ ಇರಬಹುದು.

ಚೈನಾ ಗ್ರಾಸ್ ಮೇಲೆ ಬೆಳೆಯುವ ಜೀವಿಗಳು

ಒಂದು ಬ್ಯಾಕ್ಟೀರಿಯಾವನ್ನು ಹೆಸರಿಟ್ಟು ಕರೆಯಬೇಕಾದರೆ ಮೊದಲು ಅದನ್ನು ಬೇರೆಯವುಗಳಿಂದ ಬಿಡಿಸಿ ಒಂಟಿಯಾಗಿ ಬೆಳೆಸಬೇಕು. ಜರ್ಮನಿಯ ರಾಬರ್ಟ್ ಕೋಕ್ ಇದಕ್ಕೆ ಮೊದಲು ಬೇಯಿಸಿದ ಆಲೂಗಡ್ಡೆಯ ಹೋಳು ಬಳಸಿದ, ಆಮೇಲೆ ಜೆಲಟಿನ್ ಬಳಸಿದ. ಜೆಲಟಿನ್‌ಗೆ ಎರಡು ದೋಷ. ನಮ್ಮ ಮೈಯ ಬಿಸಿಗೆ ಅದು ಕರಗಿ ನೀರಾಗುತ್ತದೆ, ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದುಹಾಕುತ್ತವೆ. 1881ರಲ್ಲಿ ಕೋಕ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ವಾಲ್ಥರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ ದಾರಿ ತೋರಿಸಿದಳು. ತಾನು ಅಡುಗೆಯಲ್ಲಿ ಬಳಸುತ್ತಿದ್ದ ಅಗರ್ ಹಾಕಿ ನೋಡಿ ಅಂದಳು. ಕಡಲಪಾಚಿಯಿಂದ ತೆಗೆಯುವ ಈ ಅಗರ್ ನಮ್ಮ ಅಂಗಡಿಗಳಲ್ಲೂ ಚೈನಾ ಗ್ರಾಸ್ ಅಂತ ಸಿಗುತ್ತದೆ. ಕುದಿಯುವ ಹತ್ತಿರ ಹೋದರೆ ಮಾತ್ರ ಕರಗುತ್ತದೆ, 40 ಡಿಗ್ರಿಗಿಂತ ಕೆಳಗೆ ಬಂದರೆ ಗಟ್ಟಿಯಾಗುತ್ತದೆ. ಬಹುತೇಕ ಬ್ಯಾಕ್ಟೀರಿಯಾಗಳಿಗೆ ಅದನ್ನು ಅರಗಿಸಿಕೊಳ್ಳಲು ಆಗುವುದಿಲ್ಲ. 1887ರಲ್ಲಿ ಜೂಲಿಯಸ್ ಪೆಟ್ರಿ ಅದಕ್ಕೊಂದು ಮುಚ್ಚಳದ ತಟ್ಟೆ ಮಾಡಿದ. ಇವತ್ತು ಶಿವಮೊಗ್ಗದ ಯಾವ ಮೈಕ್ರೊಬಯಾಲಜಿ ಲ್ಯಾಬಿಗೆ ಹೋದರೂ ಸಿಗುವುದು ಇದೇ ಪೆಟ್ರಿ ಪ್ಲೇಟ್, ಇದೇ ಅಗರ್.

ಪ್ಲೇಟಿಗೆ ಏನು ಬೆರೆಸಿದ್ದೀರಿ ಅನ್ನುವುದರ ಮೇಲೆ ಯಾರು ಬೆಳೆಯುತ್ತಾರೆ ಅನ್ನುವುದು ನಿಂತಿದೆ. ಕುರಿಯ ರಕ್ತ ಬೆರೆಸಿದ ಬ್ಲಡ್ ಅಗರ್ ಮೇಲೆ ಬಹಳಷ್ಟು ಜಾತಿಗಳು ಬೆಳೆಯುತ್ತವೆ. ಮ್ಯಾಕಾಂಕಿ ಅಗರ್‌ನಲ್ಲಿ ಪಿತ್ತದ ಲವಣ ಇರುವುದರಿಂದ ಕರುಳಿನ ವಾಸಕ್ಕೆ ಒಗ್ಗಿದವು ಮಾತ್ರ ಬದುಕುತ್ತವೆ. ಅದರಲ್ಲೂ ಲ್ಯಾಕ್ಟೋಸ್ ತಿನ್ನುವ ಇ. ಕೊಲೈ ಗುಲಾಬಿ ಬಣ್ಣದ ಚುಕ್ಕೆಯಾಗುತ್ತದೆ, ಲ್ಯಾಕ್ಟೋಸ್ ತಿನ್ನದ ಟೈಫಾಯಿಡ್ ಬ್ಯಾಕ್ಟೀರಿಯಾ ಬಣ್ಣವಿಲ್ಲದೆ ಉಳಿಯುತ್ತದೆ. ಬೆಳೆದ ಚುಕ್ಕೆಯನ್ನು ಗಾಜಿನ ಮೇಲೆ ಸವರಿ, 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಕಂಡುಹಿಡಿದ ಬಣ್ಣ ಹಾಕಿದರೆ ದಪ್ಪ ಗೋಡೆಯವು ನೇರಳೆ, ತೆಳು ಗೋಡೆಯವು ಗುಲಾಬಿ. ಆಮೇಲೆ ಆಕ್ಸಿಡೇಸ್, ಇಂಡೋಲ್, ಸಿಟ್ರೇಟ್ ಅಂತ ಸಣ್ಣ ಸಣ್ಣ ರಾಸಾಯನಿಕ ಪರೀಕ್ಷೆ. ಕೆಲವು ಕೂಡಲೇ ಮುಗಿಯುತ್ತವೆ, ಆದರೆ ಬೆಳೆಸಿ ನೋಡಬೇಕಾದ ಪ್ರತಿ ಹೆಜ್ಜೆಗೂ ಒಂದು ರಾತ್ರಿ ಬೇಕು. ಕಲ್ಚರ್ ರಿಪೋರ್ಟ್ ತಡವಾಗುವುದು ಲ್ಯಾಬಿನವರ ಸೋಮಾರಿತನದಿಂದ ಅಂತ ಅಂದುಕೊಳ್ಳಬೇಡಿ. ಬ್ಯಾಕ್ಟೀರಿಯಾ ಬೆಳೆಯಲು ತೆಗೆದುಕೊಳ್ಳುವ ಸಮಯವನ್ನು ಯಾರೂ ಕಡಿಮೆ ಮಾಡಲು ಆಗುವುದಿಲ್ಲ.

ಬಾಟಲಿ, ಬಸ್ಸು, ಫ್ರಿಜ್

ಈಗ ರಕ್ತದ ವಿಷಯಕ್ಕೆ ಬರೋಣ. ಟೈಫಾಯಿಡ್ ಬಂದ ರೋಗಿಯ ಒಂದು ಮಿಲಿ ಲೀಟರ್ ರಕ್ತದಲ್ಲಿ ಎಷ್ಟೋ ಸಲ ಜೀವಂತ ಬ್ಯಾಕ್ಟೀರಿಯಾ ಇರುವುದು ಒಂದೇ ಒಂದು. ಕೆಲವರಲ್ಲಿ ಅದಕ್ಕಿಂತಲೂ ಕಡಿಮೆ. ಹಾಗಾಗಿಯೇ ದೊಡ್ಡವರಿಂದ ಒಂದು ಬಾಟಲಿಗೆ 8ರಿಂದ 10 ಮಿಲಿ ಲೀಟರ್ ರಕ್ತ ಕೇಳುತ್ತಾರೆ. ಎರಡು ಬೇರೆ ಕಡೆ ಚುಚ್ಚಿ ತೆಗೆಯಿರಿ ಅನ್ನುತ್ತಾರೆ. "ಅಷ್ಟೊಂದು ರಕ್ತ ಯಾಕೆ, ಸ್ವಲ್ಪ ಸಾಕು" ಅಂತ ರೋಗಿ ಅಂದು, ಸಿಸ್ಟರ್ ಮೂರು ಮಿಲಿ ಲೀಟರ್‌ಗೆ ನಿಲ್ಲಿಸಿದರೆ ಬಲೆ ಬೀಸಿಯೂ ಮೀನು ತಪ್ಪಿಸಿಕೊಂಡ ಹಾಗೆ. ಎಲ್ಲ ಸರಿಯಾಗಿ ಮಾಡಿದರೂ ಟೈಫಾಯಿಡ್‌ನಲ್ಲಿ ಬ್ಲಡ್ ಕಲ್ಚರ್ ಹಿಡಿಯುವುದು ಸುಮಾರು ಅರ್ಧದಷ್ಟು ಅಥವಾ ಸ್ವಲ್ಪ ಹೆಚ್ಚು ಪ್ರಕರಣಗಳನ್ನು ಮಾತ್ರ. ಮೊದಲ ವಾರದಲ್ಲಿ ಸಾಧ್ಯತೆ ಜಾಸ್ತಿ, ಆಮೇಲೆ ಇಳಿಯುತ್ತದೆ. ಇದರ ಮೇಲೆ ಎರಡು ಅಜಿಥ್ರೊಮೈಸಿನ್ ಹೊಟ್ಟೆ ಸೇರಿದ್ದರೆ? ಆ ಒಂದು ಬ್ಯಾಕ್ಟೀರಿಯಾವೂ ಬೆಳೆಯದ ಹಾಗೆ ಔಷಧಿ ಹಿಡಿದಿಟ್ಟಿರುತ್ತದೆ. ರೋಗ ವಾಸಿ ಮಾಡುವಷ್ಟು ಔಷಧಿ ಹೋಗಿಲ್ಲ, ರೋಗದ ಗುರುತು ಅಳಿಸುವಷ್ಟು ಹೋಗಿದೆ. ರಕ್ತದಲ್ಲಿರುವ ಔಷಧಿಯನ್ನು ಹೀರಿಕೊಳ್ಳುವ ರೆಸಿನ್ ಅಥವಾ ಇದ್ದಿಲಿನ ಕಣ ಹಾಕಿದ ಬಾಟಲಿಗಳು ಈಗ ಬಂದಿವೆ. ಸ್ವಲ್ಪ ಸಹಾಯವಾಗುತ್ತದೆ, ಪೂರ್ತಿ ಅಲ್ಲ.

ಕಲ್ಚರ್ ಮೊದಲು ಅಂದರೆ ರಿಪೋರ್ಟ್ ಬರುವವರೆಗೆ ರೋಗಿ ಸುಮ್ಮನೆ ಮಲಗಿರಬೇಕು ಅಂತ ಅಲ್ಲ. ಇದನ್ನು ಒತ್ತಿ ಹೇಳಬೇಕು. ರಕ್ತ ತೆಗೆಯಲು ಹತ್ತು ನಿಮಿಷ ಸಾಕು. ತೆಗೆದ ಕೂಡಲೇ ಡಾಕ್ಟರು ತಮ್ಮ ಅಂದಾಜಿನ ಮೇಲೆ ಔಷಧಿ ಶುರು ಮಾಡಬಹುದು. ತುಂಬಾ ಸುಸ್ತಾದ ರೋಗಿಗಂತೂ ಶುರು ಮಾಡಲೇಬೇಕು. ಮೂರನೇ ದಿನ ರಿಪೋರ್ಟ್ ಬಂದಾಗ ಔಷಧಿ ಬದಲಿಸಬಹುದು, ಇಲ್ಲವೇ ನಿಲ್ಲಿಸಬಹುದು.

ದೂರದ ಸಮಸ್ಯೆ ಬೇರೆ ಇದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಚಿಲ್ಲರೆ. ಅದರಾಚೆಯ ಆಗುಂಬೆ, ಅಥವಾ ಹೊಸನಗರದ ನಗರ, ನಿಟ್ಟೂರು ಕಡೆಯವರಿಗೆ ಅರ್ಧ ದಿನದ ಪ್ರಯಾಣ. ಮೂತ್ರದ ಸ್ಯಾಂಪಲ್ ಬಾಟಲಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುವವರನ್ನು ನೋಡಿದ್ದೇವೆ ಅಲ್ವಾ? ಇ. ಕೊಲೈಗೆ ಹಿತವಾದ ಬಿಸಿ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಎರಡು ಗಂಟೆಯಲ್ಲಿ ಒಂದು 64 ಆಗುತ್ತದೆ, ನಾಲ್ಕು ಗಂಟೆಯಲ್ಲಿ 4096. ಮಳೆಗಾಲದ ತಂಪಿಗೆ ಇಷ್ಟು ವೇಗ ಇರುವುದಿಲ್ಲ, ಆದರೂ ಬೆಳೆಯುತ್ತದೆ. ಒಂದು ಮಿಲಿ ಲೀಟರ್‌ಗೆ ಒಂದು ಲಕ್ಷ ದಾಟಿದರೆ ಸೋಂಕು ಅಂತ ಹಿಡಿಯುವುದು ಮೂತ್ರ ಪರೀಕ್ಷೆಯ ಹಳೆಯ ಲೆಕ್ಕ. ಚರ್ಮದಿಂದ ಸೇರಿದ ನಾಲ್ಕಾರು ಬ್ಯಾಕ್ಟೀರಿಯಾ ದಾರಿಯಲ್ಲೇ ಆ ಲೆಕ್ಕದ ಹತ್ತಿರ ಬಂದುಬಿಡಬಹುದು. ಆಗ ಇಲ್ಲದ ಸೋಂಕಿಗೆ ಆಂಟಿಬಯೋಟಿಕ್. ಹಾಗಾಗಿ ಮೂತ್ರ ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು, ಇಲ್ಲವೇ ಫ್ರಿಜ್‌ನಲ್ಲಿ ಇರಬೇಕು.

ಬ್ಲಡ್ ಕಲ್ಚರ್ ಬಾಟಲಿಗೆ ಇದರ ತದ್ವಿರುದ್ಧ ನಿಯಮ. ಅದನ್ನು ಫ್ರಿಜ್‌ನಲ್ಲಿ ಇಡಲೇಬಾರದು. ಬೆನ್ನುಹುರಿಯ ನೀರನ್ನೂ ಇಡಬಾರದು, ಮೆದುಳು ಜ್ವರ ತರುವ ಕೆಲವು ಬ್ಯಾಕ್ಟೀರಿಯಾಗಳು ತಂಪಿಗೆ ಸಾಯುತ್ತವೆ. ಕಾಲರಾ ಸಂಶಯ ಇದ್ದರೆ ಮಲವನ್ನು ಕ್ಯಾರಿ-ಬ್ಲೇರ್ ಎಂಬ ಅರೆಗಟ್ಟಿ ಮಾಧ್ಯಮದಲ್ಲಿ ಹಾಕಿ ಕಳಿಸಬೇಕು. ಒಂದೊಂದಕ್ಕೆ ಒಂದೊಂದು ದಾರಿ. ಒಂದು ಹಾಳೆಯಲ್ಲಿ ಬರೆಯಬಹುದಾದಷ್ಟೇ ವಿಷಯ ಇದು. ಆದರೆ ಸ್ಯಾಂಪಲ್ ತೆಗೆಯುವ ಕೋಣೆಯ ಗೋಡೆಯ ಮೇಲೆ ಆ ಹಾಳೆ ಇರುವುದು ಅಪರೂಪ.

ಬಾವಿ ನೀರಿನ ಪರೀಕ್ಷೆಯಲ್ಲೂ ಇದೇ ಬಗೆಯ ಗುಟ್ಟಿದೆ. ಬ್ಲೀಚಿಂಗ್ ಪೌಡರ್ ಹಾಕಿದ ಬಾವಿಯ ನೀರನ್ನು ಬರೀ ಸ್ವಚ್ಛ ಬಾಟಲಿಯಲ್ಲಿ ತುಂಬಿ ಕಳಿಸಿದರೆ, ಕ್ಲೋರಿನ್ ದಾರಿಯುದ್ದಕ್ಕೂ ಕೆಲಸ ಮಾಡುತ್ತಲೇ ಇರುತ್ತದೆ. ಬಾವಿಯಲ್ಲಿ ಬದುಕಿದ್ದವೂ ಬಾಟಲಿಯಲ್ಲಿ ಸತ್ತು, ನೀರು ಚೊಕ್ಕಟ ಅಂತ ರಿಪೋರ್ಟ್ ಬರುತ್ತದೆ. ಅದಕ್ಕೇ ಸ್ಯಾಂಪಲ್ ಬಾಟಲಿಯಲ್ಲಿ ಮೊದಲೇ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ, ಅದು ಕ್ಲೋರಿನ್‌ ಅನ್ನು ಅಲ್ಲೇ ತಟಸ್ಥ ಮಾಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ 100 ಮಿಲಿ ಲೀಟರ್‌ನಲ್ಲಿ ಒಂದೂ ಇ. ಕೊಲೈ ಸಿಗಬಾರದು. ಅಬ್ಬಿ ನೀರು ಕುಡಿಯುವ ಮನೆಗಳಲ್ಲಿ "ನಮ್ಮದು ಗುಡ್ಡದ ನೀರು, ಏನೂ ಆಗಲ್ಲ" ಅನ್ನುವ ಧೈರ್ಯ ಇರುತ್ತದೆ. ಗುಡ್ಡದ ಮೇಲೂ ದನ ಮೇಯುತ್ತವೆ.

ಪ್ಲೇಟಿನ ಮೇಲೆ ಬೆಳೆಯದ ಜ್ವರಗಳು

ಇಲ್ಲಿಯವರೆಗೆ ಹೇಳಿದ್ದು ಬೆಳೆಯುವ ಬ್ಯಾಕ್ಟೀರಿಯಾಗಳ ಕತೆ. ಮಲೆನಾಡಿನ ತೊಡಕು ಏನೆಂದರೆ, ಇಲ್ಲಿನ ಮಳೆಗಾಲದ ಜ್ವರಗಳಲ್ಲಿ ಎರಡು ಮುಖ್ಯವಾದವು ಮಾಮೂಲಿ ಪ್ಲೇಟಿನ ಮೇಲೆ ಬೆಳೆಯುವುದೇ ಇಲ್ಲ.

ಮೊದಲನೆಯದು ಇಲಿ ಜ್ವರ. ಇಲಿ, ಹೆಗ್ಗಣ, ದನಗಳ ಮೂತ್ರದಿಂದ ಗದ್ದೆಯ ಕೆಸರಿಗೆ, ತೋಟದ ಕಪ್ಪಿನ (ಬಸಿಗಾಲುವೆಯ) ನೀರಿಗೆ ಸೇರಿದ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ, ಕಾಲಿನ ಬಿರುಕು ಗಾಯಗಳಿಂದ ಒಳಗೆ ಬರುತ್ತದೆ. ಇದು ಎಷ್ಟು ತೆಳು ಅಂದರೆ ಗ್ರಾಂ ಬಣ್ಣ ಹಾಕಿದರೂ ಮಾಮೂಲಿ ಮೈಕ್ರೊಸ್ಕೋಪಿನಲ್ಲಿ ಕಾಣುವುದಿಲ್ಲ. ಹಿನ್ನೆಲೆ ಕಪ್ಪಾಗಿಸಿ, ಪಕ್ಕದಿಂದ ಬೆಳಕು ಬಿಟ್ಟು ನೋಡಬೇಕು. ಬೆಳೆಸಬೇಕಾದರೆ ಇಎಂಜೆಎಚ್ ಎಂಬ ವಿಶೇಷ ದ್ರವ ಬೇಕು, 28ರಿಂದ 30 ಡಿಗ್ರಿ ಬಿಸಿ ಬೇಕು, ವಾರಗಟ್ಟಲೆ ತಾಳ್ಮೆ ಬೇಕು. ಕೆಲವೊಮ್ಮೆ ಮೂರು ತಿಂಗಳು ಕಾದ ಮೇಲೆಯೇ ಇಲ್ಲ ಅಂತ ಹೇಳಬಹುದು. ಅಷ್ಟರಲ್ಲಿ ರೋಗಿ ವಾಸಿಯಾಗಿ ಅಡಿಕೆ ಕೊಯ್ಲಿಗೂ ಹೋಗಿರುತ್ತಾರೆ. ಹಾಗಾಗಿ ದಿನದ ಚಿಕಿತ್ಸೆಗೆ ಕಲ್ಚರ್ ಉಪಯೋಗವಿಲ್ಲ. ಮೊದಲ ವಾರ ರಕ್ತದಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್, ಆಮೇಲೆ ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ. ಇಲ್ಲೂ ದಿನದ ಲೆಕ್ಕ ಮುಖ್ಯ. ಪ್ರತಿಕಾಯ ಏಳಲು ಐದರಿಂದ ಏಳು ದಿನ ಬೇಕು. ಜ್ವರ ಬಂದ ಎರಡನೇ ದಿನ ಐಜಿಎಂ ಮಾಡಿಸಿ ನೆಗೆಟಿವ್ ಬಂತು ಅಂತ ನೆಮ್ಮದಿಯಾಗಿ ಕೂತರೆ, ಪರೀಕ್ಷೆಗೆ ಕಾಣುವಂಥದ್ದು ಆಗಿನ್ನೂ ಹುಟ್ಟಿಯೇ ಇರುವುದಿಲ್ಲ.

ಎರಡನೆಯದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲು, ಕುರುಚಲು ಕಾಡಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರುವ ಕಾಯಿಲೆ. ಇದರ ಬ್ಯಾಕ್ಟೀರಿಯಾ ಓರಿಯೆಂಟಿಯಾ ಜೀವಕೋಶದ ಒಳಗೆ ಮಾತ್ರ ಬದುಕುತ್ತದೆ. ಅಗರ್ ಮೇಲೆ ಎಷ್ಟು ದಿನ ಇಟ್ಟರೂ ಅಷ್ಟೇ. ಬೆಳೆಸಲು ಜೀವಂತ ಕೋಶಗಳು ಬೇಕು, ಬಹಳ ಬಿಗಿಯಾದ ಸುರಕ್ಷತೆಯ ಲ್ಯಾಬ್ ಬೇಕು. ಆದರೆ ಈ ಜ್ವರ ತನ್ನ ಗುರುತನ್ನು ಕೆಲವರ ಮೈಮೇಲೆ ಬಿಟ್ಟುಹೋಗುತ್ತದೆ. ಕಚ್ಚಿದ ಕಡೆ ನೋವಿಲ್ಲದ ಒಂದು ಕಪ್ಪು ಹಕ್ಕಳೆ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಕೆಳಗೆ, ಹೀಗೆ ನಾವಾಗಿ ತೋರಿಸದ ಜಾಗಗಳಲ್ಲೇ ಇರುತ್ತದೆ. ಡಾಕ್ಟರು ಬಟ್ಟೆ ಸರಿಸಿ ಹುಡುಕಿದರೆ ಎಲೈಸಾ ಬರುವ ಮೊದಲೇ ಉತ್ತರ ಸಿಗಬಹುದು. ಸಂಶಯ ಬಂದರೆ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ, ಬಹಳ ಜನರಿಗೆ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಅಗ್ಗದ ಔಷಧಿ. ಇಲಿ ಜ್ವರಕ್ಕೂ ಅದೇ ಆಗುತ್ತದೆ. "ಸ್ಟ್ರಾಂಗ್" ಅಂತ ಕೊಡುವ ಸೆಫಿಕ್ಸಿಮ್ ಮಾತ್ರೆ ಓರಿಯೆಂಟಿಯಾಗೆ ಏನೂ ಮಾಡುವುದಿಲ್ಲ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಇದರ ಕಾಲ ಬೇಸಿಗೆಯ ಕಡೆಗೆ, ಉಣುಗು ಜಾಸ್ತಿಯಾದಾಗ. ಇದು ವೈರಸ್. ಪ್ಲೇಟಿನ ಮೇಲೆ ಬೆಳೆಯುವ ಪ್ರಶ್ನೆಯೇ ಇಲ್ಲ, ಯಾವ ಆಂಟಿಬಯೋಟಿಕ್ ಕೂಡ ಕೆಲಸ ಮಾಡುವುದಿಲ್ಲ. ಶಿವಮೊಗ್ಗದ ವೈರಸ್ ಡಯಾಗ್ನಾಸ್ಟಿಕ್ ಲ್ಯಾಬೊರೇಟರಿ ಇರುವುದೇ ಇಂಥ ಕೆಲಸಕ್ಕೆ.

ಇಷ್ಟೆಲ್ಲ ಜ್ವರಗಳಿಗೂ ನಮ್ಮ ಪೇಟೆಗಳಲ್ಲಿ ಮೊದಲು ಮಾಡಿಸುವ ಪರೀಕ್ಷೆ ವಿಡಾಲ್, ರಕ್ತದಲ್ಲಿ ಟೈಫಾಯಿಡ್ ವಿರುದ್ಧದ ಪ್ರತಿಕಾಯ ಹುಡುಕುವಂಥದ್ದು. ಫ್ರಾನ್ಸಿನ ಫರ್ನಾಂಡ್ ವಿಡಾಲ್ 1896ರಲ್ಲಿ ಇದನ್ನು ಹೇಳಿಕೊಟ್ಟಾಗ ಅದು ದೊಡ್ಡ ಸಾಧನೆ. ಈಗ ನಮ್ಮಂಥ ಕಡೆ, ಒಂದೇ ಒಂದು ಸಲ ಮಾಡಿದ ವಿಡಾಲ್‌ಗೆ ಹೆಚ್ಚು ಬೆಲೆ ಇಲ್ಲ. ಹಿಂದೆ ಬಂದುಹೋದ ಸೋಂಕು, ಹಾಕಿಸಿಕೊಂಡ ಲಸಿಕೆ, ಬೇರೆ ಜ್ವರ ಎಲ್ಲಕ್ಕೂ ಅದು ಪಾಸಿಟಿವ್ ಆಗಬಹುದು. "ಸ್ವಲ್ಪ ಟೈಫಾಯಿಡ್ ಇದೆ" ಅನ್ನುವ ಮಾತು ಮಲೆನಾಡಿನ ಪ್ರತಿ ಮನೆಯಲ್ಲೂ ಕೇಳಿಬರುವುದು ಈ ಪರೀಕ್ಷೆಯ ಕೃಪೆಯಿಂದ. ವಿಡಾಲ್‌ಗೆ ಖರ್ಚು ಮಾಡುವ ದುಡ್ಡನ್ನು ಕಲ್ಚರ್ ಬಾಟಲಿಗೆ ಹಾಕಿದರೆ ವಾಸಿ ಅಂತ ನನಗನ್ನಿಸುತ್ತದೆ. ವಿಡಾಲ್ ಅಗ್ಗ ಇರಬಹುದು, ಅದು ತಪ್ಪು ಹೇಳಿದಾಗ ನುಂಗುವ ಹತ್ತು ದಿನದ ಮಾತ್ರೆ ಅಗ್ಗವಲ್ಲ.

ಮಣ್ಣಿನಿಂದ ಬರುವ ಮೆಲಿಯಾಯ್ಡೋಸಿಸ್

ಲ್ಯಾಬಿಗೆ ಏನನ್ನು ಹುಡುಕಬೇಕು ಅಂತ ಗೊತ್ತಿರಬೇಕು ಅನ್ನುವುದಕ್ಕೆ ಮೆಲಿಯಾಯ್ಡೋಸಿಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇದರ ಬ್ಯಾಕ್ಟೀರಿಯಾ ಬರ್ಕ್‌ಹೋಲ್ಡೇರಿಯಾ ಸ್ಯೂಡೊಮ್ಯಾಲಿಯೈ. ಮಣ್ಣು, ಕೆಸರು, ನಿಂತ ನೀರಿನಲ್ಲಿ ಇರುತ್ತದೆ. ಜೋರು ಮಳೆಯ ದಿನಗಳಲ್ಲಿ ಕಾಯಿಲೆ ಏರುತ್ತದೆ. ಗಾಯದಿಂದ ಬರುತ್ತದೆ, ಉಸಿರಿನಿಂದಲೂ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಬಹಳ ಹೆಚ್ಚು. 1911ರಲ್ಲಿ ರಂಗೂನಿನಲ್ಲಿ ಆಲ್‌ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಇದನ್ನು ಮೊದಲು ಕಂಡರು. ಜಗತ್ತಿನಲ್ಲಿ ವರ್ಷಕ್ಕೆ 1,65,000 ಮಂದಿಗೆ ಬಂದು 89,000 ಮಂದಿ ಸಾಯುತ್ತಾರೆ ಅಂತ 2016ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ವೈದ್ಯರು ವರ್ಷಗಳಿಂದ ಇದನ್ನು ಹಿಡಿದು ದಾಖಲಿಸುತ್ತಿದ್ದಾರೆ. ಆಗುಂಬೆ ಘಾಟಿ ಇಳಿದರೆ ಸಿಗುವುದು ಅದೇ ಉಡುಪಿ ಜಿಲ್ಲೆ. ಘಾಟಿಯ ಮೇಲೂ ಅಂಥದ್ದೇ ಮಳೆ, ಗದ್ದೆ, ಕೆಸರು. ಕೆಳಗೆ ಇರುವ ಕಾಯಿಲೆ ಮೇಲೆ ಹತ್ತಲಾರದು ಅನ್ನುವುದಕ್ಕೆ ಯಾವ ಕಾರಣವೂ ಕಾಣುವುದಿಲ್ಲ.

ಈ ಬ್ಯಾಕ್ಟೀರಿಯಾ ಮಾಮೂಲಿ ಬ್ಲಡ್ ಅಗರ್ ಮೇಲೆ ಬೆಳೆಯುತ್ತದೆ. ಹಾಗಿದ್ದೂ ತಪ್ಪಿಸಿಕೊಳ್ಳುತ್ತದೆ, ಇದೇ ವಿಶೇಷ. ಮೊದಲ ದಿನ ಅದರ ಚುಕ್ಕೆಗಳು ಸಣ್ಣಗೆ, ಸಾದಾ ಕೆನೆ ಬಣ್ಣದಲ್ಲಿ ಇರುತ್ತವೆ. ಅದರ ನಿಜವಾದ ಗುರುತಾದ ಸುಕ್ಕು ಬರುವುದು ಎರಡು ಮೂರು ದಿನ ಕಳೆದ ಮೇಲೆ. ಅವಸರದ ಲ್ಯಾಬಿನಲ್ಲಿ ಅಷ್ಟರಲ್ಲಿ ಪ್ಲೇಟ್ ಕಸಕ್ಕೆ ಹೋಗಿರುತ್ತದೆ. ಆಕ್ಸಿಡೇಸ್ ಪಾಸಿಟಿವ್, ಲ್ಯಾಕ್ಟೋಸ್ ತಿನ್ನುವುದಿಲ್ಲ, ಆದ್ದರಿಂದ "ಸ್ಯೂಡೊಮೊನಾಸ್ ಜಾತಿ" ಅಂತ ಬರೆದು ಮುಗಿಸುತ್ತಾರೆ. ಇಲ್ಲವೇ ಹೊರಗಿನಿಂದ ಸೇರಿದ ಕಲ್ಮಶ ಅಂತ ಬಿಡುತ್ತಾರೆ. ಶ್ವಾಸಕೋಶಕ್ಕೆ ಬಂದಾಗ ಎಕ್ಸ್‌ರೇ ಟಿಬಿಯ ಹಾಗೇ ಕಾಣಬಹುದು. ಕಫದಲ್ಲಿ ಟಿಬಿ ಸಿಗದಿದ್ದರೂ ಟಿಬಿ ಮಾತ್ರೆ ಶುರುವಾಗಿ ತಿಂಗಳು ಕಳೆದುಹೋಗುತ್ತದೆ.

ಹಿಡಿಯಲು ದುಬಾರಿ ಯಂತ್ರವೇ ಬೇಕಿಲ್ಲ. ಆಶ್‌ಡೌನ್ ಅಗರ್ ಅಂತ ಒಂದಿದೆ, ಅದರಲ್ಲಿ ಜೆಂಟಮೈಸಿನ್ ಎಂಬ ಆಂಟಿಬಯೋಟಿಕ್ ಬೆರೆಸಿರುತ್ತಾರೆ. ಬೇರೆಯವು ಸಾಯುತ್ತವೆ, ಇದು ನೇರಳೆ ಬಣ್ಣದ ಸುಕ್ಕುಚುಕ್ಕೆಯಾಗಿ ಬೆಳೆಯುತ್ತದೆ. ಅದೂ ಇಲ್ಲವೆಂದರೆ ಆಂಟಿಬಯೋಟಿಕ್ ಅದ್ದಿದ ಮೂರು ಕಾಗದದ ಬಿಲ್ಲೆ ಸಾಕು: ಜೆಂಟಮೈಸಿನ್, ಕೋಲಿಸ್ಟಿನ್, ಅಮಾಕ್ಸಿಕ್ಲಾವ್. ಆಕ್ಸಿಡೇಸ್ ಪಾಸಿಟಿವ್ ಇರುವ ಒಂದು ಗ್ರಾಂ ನೆಗೆಟಿವ್ (ಗ್ರಾಂ ಬಣ್ಣಕ್ಕೆ ಗುಲಾಬಿಯಾಗುವ) ಬ್ಯಾಕ್ಟೀರಿಯಾ ಮೊದಲ ಎರಡಕ್ಕೆ ಬಗ್ಗದೆ ಮೂರನೆಯದಕ್ಕೆ ಬಗ್ಗಿದರೆ ಲ್ಯಾಬಿನವರು ಎಚ್ಚರಗೊಳ್ಳಬೇಕು. ಇನ್ನೊಂದು ಕಡೆ, ಈಗಿನ ಮಾಲ್ಡಿ-ಟಾಫ್ ಯಂತ್ರ ಬೆಳೆದ ಚುಕ್ಕೆಯಿಂದ ಕೆಲವೇ ನಿಮಿಷದಲ್ಲಿ ಹೆಸರು ಹೇಳುತ್ತದೆ. ಆದರೆ ಅದು ತನ್ನೊಳಗಿನ ಪಟ್ಟಿಯ ಜೊತೆ ಹೋಲಿಸಿ ಹೇಳುವುದು. ಪಟ್ಟಿಯಲ್ಲಿ ಇದು ಸರಿಯಾಗಿ ಇಲ್ಲದಿದ್ದರೆ, ಇದರ ನಿರುಪದ್ರವಿ ಸಂಬಂಧಿ ಬರ್ಕ್‌ಹೋಲ್ಡೇರಿಯಾ ಥೈಲ್ಯಾಂಡೆನ್ಸಿಸ್ ಅಂತ ಹೇಳಿಬಿಡುತ್ತದೆ. ಕೋಟಿ ಬೆಲೆಯ ಯಂತ್ರ ಎಡವುವಲ್ಲಿ ಮೂರು ಬಿಲ್ಲೆ ಕಾಪಾಡಬಹುದು.

ಹೆಸರು ತಪ್ಪಿದರೆ ಏನಾಗುತ್ತದೆ? ಇದರ ಚಿಕಿತ್ಸೆ ಬೇರೆಯವುಗಳ ಹಾಗಲ್ಲ. ಕನಿಷ್ಠ ಹತ್ತರಿಂದ ಹದಿನಾಲ್ಕು ದಿನ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್, ಅದಾದ ಮೇಲೆ ಕನಿಷ್ಠ ಮೂರು ತಿಂಗಳು ಕೋ-ಟ್ರೈಮೊಕ್ಸಜೋಲ್ ಮಾತ್ರೆ. ಮಧ್ಯೆ ಬಿಟ್ಟರೆ ಮತ್ತೆ ಏಳುತ್ತದೆ. ಇಲ್ಲಿ ಲ್ಯಾಬಿನ ಫಾರಂನಲ್ಲಿ ಯಾರೂ ತುಂಬದ ಒಂದು ಜಾಗ ಇದೆಯಲ್ಲ, ರೋಗಿಯ ವಿವರ ಅಂತ, ಅದು ಕೆಲಸಕ್ಕೆ ಬರುತ್ತದೆ. "ಜ್ವರ, ಕಲ್ಚರ್ ಮಾಡಿ" ಅನ್ನುವುದರ ಬದಲು "ಸಕ್ಕರೆ ಕಾಯಿಲೆ ಇದೆ, ಗದ್ದೆ ಕೆಲಸ, ಮಳೆಗಾಲದಲ್ಲಿ ಮೂರು ವಾರದ ಜ್ವರ" ಅಂತ ಒಂದು ಸಾಲು ಬರೆದರೆ ಪ್ಲೇಟ್ ಎರಡು ದಿನ ಹೆಚ್ಚು ಉಳಿಯುತ್ತದೆ. ಲ್ಯಾಬಿನವರ ಜೀವದ ಪ್ರಶ್ನೆಯೂ ಇದೆ. ಇದು ಉಸಿರಿನ ಜೊತೆ ಒಳಗೆ ಹೋಗಬಲ್ಲದ್ದು, ಮುಚ್ಚಿದ ಸುರಕ್ಷತಾ ಕ್ಯಾಬಿನೆಟ್‌ನಲ್ಲೇ ಕೆಲಸ ಮಾಡಬೇಕು. ಪ್ಲೇಟ್ ಮೂಸಿ ನೋಡುವ ಹಳೆಯ ಅಭ್ಯಾಸ ಇಲ್ಲಿ ಬಹಳ ಅಪಾಯ.

ದೊಡ್ಡ ವೃತ್ತ, ಒಳ್ಳೆಯ ಔಷಧಿ?

ಬೆಳೆಸಿ, ಗುರುತಿಸಿ ಆಯಿತು. ಯಾವ ಔಷಧಿಗೆ ಸಾಯುತ್ತದೆ? ಇದಕ್ಕೆ 1966ರಲ್ಲಿ ಬಾವರ್, ಕಿರ್ಬಿ ಮತ್ತು ಜೊತೆಗಾರರು ನಿಗದಿ ಮಾಡಿದ ಬಿಲ್ಲೆ ವಿಧಾನವೇ ಇವತ್ತಿಗೂ ಬಹಳ ಕಡೆ ನಡೆಯುತ್ತಿದೆ. ಮುಲ್ಲರ್-ಹಿಂಟನ್ ಅಗರ್ ಮೇಲೆ ಬ್ಯಾಕ್ಟೀರಿಯಾ ಸವರಿ, ಔಷಧಿ ಅದ್ದಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಟ್ಟು, 35 ಡಿಗ್ರಿ ಆಸುಪಾಸಿನಲ್ಲಿ 16ರಿಂದ 18 ಗಂಟೆ ಬಿಡುತ್ತಾರೆ. ಔಷಧಿ ಕೆಲಸ ಮಾಡಿದ ಕಡೆ ಬಿಲ್ಲೆಯ ಸುತ್ತ ಖಾಲಿ ವೃತ್ತ. ಅದನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ಅಗರ್ 4 ಮಿಲಿಮೀಟರ್ ದಪ್ಪ ಇರಬೇಕು. ದಪ್ಪ ಜಾಸ್ತಿಯಾದರೆ ವೃತ್ತ ಕುಗ್ಗಿ, ಕೆಲಸ ಮಾಡುವ ಔಷಧಿಯೂ ಮಾಡುವುದಿಲ್ಲ ಅಂತ ರಿಪೋರ್ಟ್ ಆಗುತ್ತದೆ. ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾದರೆ ಬೆಳೆಯುವ ವೇಗ ತಪ್ಪಿ ಅಳತೆ ಎಡವುತ್ತದೆ. ಯುಪಿಎಸ್ ಇಲ್ಲದ ಲ್ಯಾಬಿನ ರಿಪೋರ್ಟನ್ನು ಜುಲೈನಲ್ಲಿ ನಾನು ಎರಡು ಸಲ ಓದುತ್ತೇನೆ.

ರಿಪೋರ್ಟ್ ನೋಡುವವರು ಒಂದು ವಿಷಯ ಗಮನಿಸಬೇಕು. ವೃತ್ತ ದೊಡ್ಡದಿದ್ದ ಔಷಧಿಯೇ ಒಳ್ಳೆಯದು ಅಂತ ಇಲ್ಲ. ಪ್ರತಿ ಔಷಧಿ ಅಗರ್‌ನಲ್ಲಿ ಹರಡುವ ರೀತಿ ಬೇರೆ, ಅದಕ್ಕೆ ಅದರದೇ ಗೆರೆ ಇದೆ. ಇನ್ನೂ ಒಂದು ಸೂಕ್ಷ್ಮ: ಟೈಫಾಯಿಡ್ ಬ್ಯಾಕ್ಟೀರಿಯಾ ಪ್ಲೇಟಿನ ಮೇಲೆ ಜೆಂಟಮೈಸಿನ್‌ಗೆ ಸಾಯುವ ಹಾಗೆ ಕಾಣುತ್ತದೆ, ಮೈಯೊಳಗೆ ಸಾಯುವುದಿಲ್ಲ. ಕಾರಣ, ಅದು ನಮ್ಮ ಜೀವಕೋಶಗಳ ಒಳಗೆ ಅಡಗುತ್ತದೆ, ಆ ಔಷಧಿ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಒಳ್ಳೆಯ ಲ್ಯಾಬ್ ಅದನ್ನು ರಿಪೋರ್ಟ್‌ನಲ್ಲಿ ಬರೆಯುವುದೇ ಇಲ್ಲ.

ಇಷ್ಟೆಲ್ಲ ತಲೆಬಿಸಿ ಯಾಕೆ ಅಂದರೆ, ಔಷಧಿಗಳು ಸೋಲುತ್ತಿವೆ. 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಸಾವುಗಳು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಆದವು ಅನ್ನುವುದು ಲ್ಯಾನ್ಸೆಟ್ ಪತ್ರಿಕೆಯ ಅಂದಾಜು. ಟೈಫಾಯಿಡ್‌ಗೆ ಒಂದು ಕಾಲದಲ್ಲಿ ಕಣ್ಣುಮುಚ್ಚಿ ಕೊಡುತ್ತಿದ್ದ ಸಿಪ್ರೊಫ್ಲಾಕ್ಸಸಿನ್ ಈಗ ಭಾರತದಲ್ಲಿ ನಂಬುವ ಸ್ಥಿತಿಯಲ್ಲಿಲ್ಲ. ಅದೇ ಹೊತ್ತಿಗೆ, ಬಳಕೆ ನಿಂತುಹೋಗಿದ್ದ ಕೋ-ಟ್ರೈಮೊಕ್ಸಜೋಲ್, ಕ್ಲೋರಾಂಫೆನಿಕಾಲ್‌ನಂಥ ಹಳೆಯವು ಮತ್ತೆ ಅದಕ್ಕೆ ಕೆಲಸ ಮಾಡುತ್ತಿರುವುದು ಪ್ಲೇಟಿನ ಮೇಲೆ ಕಾಣುತ್ತಿದೆ. ಕಲ್ಚರ್ ಮಾಡದೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೆಫಿಕ್ಸಿಮ್‌ನಂಥ ಮಾತ್ರೆಗಳು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1ರಲ್ಲಿ ಇವೆ. ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟರೆ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆಯಬೇಕು. ಕಾಯ್ದೆ ಹಾಗಿದೆ, ಕೌಂಟರಿನಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು.

ಇದು ಮನುಷ್ಯರಲ್ಲಿ ಮಾತ್ರ ಇರುವ ಚಾಳಿ ಅಂದುಕೊಳ್ಳಬೇಡಿ. ಶುಂಠಿ ಬೆಳೆಯುವ ಸೊರಬ, ಸಾಗರ, ಶಿಕಾರಿಪುರದ ಕಡೆ ಗಿಡ ಬಾಡಿತು ಅಂದ ತಕ್ಷಣ ಸ್ಟ್ರೆಪ್ಟೊಸೈಕ್ಲಿನ್ ಪೊಟ್ಟಣ ಹುಡುಕುವುದುಂಟು. ಅದು ಎರಡು ಆಂಟಿಬಯೋಟಿಕ್‌ಗಳ ಮಿಶ್ರಣ. ಗಿಡ ಬಾಡಿದ್ದು ಗಡ್ಡೆ ಕೊಳೆ ರೋಗದಿಂದಾದರೆ ಅದಕ್ಕೆ ಕಾರಣ ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿ, ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ. ದುಂಡಾಣು ಸೊರಗು ರೋಗವಾದರೆ ಕಾರಣ ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ (ದುಂಡಾಣು), ಅದು ಮಣ್ಣಿನಲ್ಲಿ, ಗಡ್ಡೆಯಲ್ಲಿ ಕೂತಿರುತ್ತದೆ, ಎಲೆಗೆ ಹೊಡೆದದ್ದು ಅಲ್ಲಿಗೆ ಮುಟ್ಟುವುದಿಲ್ಲ. ಎರಡನ್ನೂ ಬೇರೆ ಮಾಡಲು ಲ್ಯಾಬಿಗೇ ಹೋಗಬೇಕಿಲ್ಲ. ಬಾಡಿದ ಗಿಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದರೆ, ದುಂಡಾಣು ಇದ್ದಾಗ ಕತ್ತರಿಸಿದ ತುದಿಯಿಂದ ಹಾಲಿನ ಬಣ್ಣದ ಎಳೆ ಇಳಿಯುತ್ತದೆ. ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ಇಷ್ಟು ಮಾಡಿ ನೋಡಿದವರು ಪೊಟ್ಟಣಕ್ಕೆ ಹಾಕುವ ದುಡ್ಡನ್ನು ಮುಂದಿನ ವರ್ಷದ ರೋಗವಿಲ್ಲದ ಬೀಜದ ಗಡ್ಡೆಗೆ ಹಾಕುತ್ತಾರೆ.

ಆಗಬೇಕಾದ್ದು

ಪ್ರತಿ ತಾಲ್ಲೂಕಿನಲ್ಲೂ ಪೂರ್ತಿ ಮೈಕ್ರೊಬಯಾಲಜಿ ಲ್ಯಾಬ್ ಬೇಕು ಅನ್ನುವ ಬೇಡಿಕೆ ಕೇಳಲು ಚೆಂದ. ಮೈಕ್ರೊಬಯಾಲಜಿಸ್ಟ್, ಅಗರ್, ಆಟೋಕ್ಲೇವ್, ನಿಲ್ಲದ ಕರೆಂಟ್, ವರ್ಷಪೂರ್ತಿ ಬಿಲ್ಲೆಗಳ ಪೂರೈಕೆ ಇವೆಲ್ಲ ಬೇಕಾಗುತ್ತವೆ. ಬಿಲ್ಲೆಗಳಿಗೂ ಅವಧಿ ಇರುತ್ತದೆ, ವಾರಕ್ಕೆರಡು ಸ್ಯಾಂಪಲ್ ಬರುವ ಕಡೆ ಅವು ಹಾಳಾಗಿ ತಪ್ಪು ರಿಪೋರ್ಟ್ ಕೊಡುತ್ತವೆ. ನನ್ನ ಪ್ರಕಾರ ತಾಲ್ಲೂಕು ಆಸ್ಪತ್ರೆಯಲ್ಲಿ ಬೇಕಾದ್ದು ಕಲ್ಚರ್ ಬಾಟಲಿ, ಚರ್ಮ ಸರಿಯಾಗಿ ಒರೆಸಿ ಸಾಕಷ್ಟು ರಕ್ತ ತೆಗೆಯಲು ಕಲಿತ ಸಿಬ್ಬಂದಿ, ಮತ್ತು ದಿನಾ ಒಂದು ಹೊತ್ತಿಗೆ ಶಿವಮೊಗ್ಗಕ್ಕೆ ಹೊರಡುವ ಗಾಡಿ. ಟಿಬಿ ಕಾರ್ಯಕ್ರಮದಲ್ಲಿ ಕಫದ ಸ್ಯಾಂಪಲ್ ಹೀಗೆ ಪ್ರಯಾಣ ಮಾಡುವ ವ್ಯವಸ್ಥೆ ಈಗಾಗಲೇ ಇದೆ. ರಕ್ತದ ಬಾಟಲಿ ಫ್ರಿಜ್ ಕೇಳುವುದಿಲ್ಲ, ಕೆಲವು ಗಂಟೆ ತಡೆದುಕೊಳ್ಳುತ್ತದೆ. ಅದೇ ಗಾಡಿಯಲ್ಲಿ ಹೋಗಬಹುದು.

ಚರ್ಮ ಒರೆಸುವುದನ್ನು ಸಣ್ಣ ವಿಷಯ ಅಂತ ತಳ್ಳಬೇಡಿ. ಸ್ಪಿರಿಟ್, ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಒಣಗಲು ಬಿಡದೆ ಚುಚ್ಚಿದರೆ, ಚರ್ಮದ ಮೇಲಿನ ಸ್ಟೆಫೈಲೊಕಾಕಸ್ ಬಾಟಲಿ ಸೇರುತ್ತದೆ. ಅದು ಚೆನ್ನಾಗಿ ಬೆಳೆಯುತ್ತದೆ, ರಿಪೋರ್ಟ್ ಪಾಸಿಟಿವ್ ಆಗುತ್ತದೆ, ರೋಗಿಗೆ ಬೇಡದ ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ ಹೋಗುತ್ತದೆ. ಎರಡು ಕಡೆ ಚುಚ್ಚಿ ತೆಗೆಯುವುದರ ಇನ್ನೊಂದು ಲಾಭ ಇಲ್ಲಿದೆ. ಒಂದರಲ್ಲಿ ಮಾತ್ರ ಬೆಳೆದರೆ ಚರ್ಮದ್ದು ಅಂತ ಸಂಶಯ ಪಡಬಹುದು.

ಇನ್ನು ಲ್ಯಾಬಿನ ಕಡೆಯಿಂದ ವಾಪಸ್ ಬರಬೇಕಾದ್ದು ಒಂದಿದೆ. ವರ್ಷಪೂರ್ತಿ ಜಿಲ್ಲೆಯ ಸ್ಯಾಂಪಲ್‌ಗಳಲ್ಲಿ ಯಾವ ಬ್ಯಾಕ್ಟೀರಿಯಾ ಸಿಕ್ಕಿತು, ಯಾವ ಔಷಧಿಗೆ ಶೇಕಡಾ ಎಷ್ಟು ಬಗ್ಗಿತು ಅನ್ನುವ ಪಟ್ಟಿ, ಅಂದರೆ ಆಂಟಿಬಯೋಗ್ರಾಂ. ಅದನ್ನು ಮಾಡುವ ನಿಯಮ ಸರಳ. ಒಬ್ಬ ರೋಗಿಯ ಮೊದಲ ಬ್ಯಾಕ್ಟೀರಿಯಾವನ್ನು ಮಾತ್ರ ಎಣಿಸಬೇಕು, ಒಂದು ಜಾತಿಯದ್ದು ಕನಿಷ್ಠ 30 ಸಿಕ್ಕಿದ್ದರೆ ಮಾತ್ರ ಶೇಕಡಾ ಲೆಕ್ಕ ಹಾಕಬೇಕು. ಬೆಂಗಳೂರಿನ ದೊಡ್ಡ ಐಸಿಯುಗಳ ಅಂಕಿ ಹೊಸನಗರದ ಡಾಕ್ಟರಿಗೆ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಬೇರೆ, ಅವು ಕಂಡ ಔಷಧಿ ಬೇರೆ. ತಾಲ್ಲೂಕಿನಿಂದ ಬಾಟಲಿ ಹೋದರೆ ತಾನೇ 30 ತುಂಬುವುದು? ಬಾಟಲಿ ಕಳಿಸಿದ ಪ್ರತಿ ಆಸ್ಪತ್ರೆಗೂ ಆ ಪಟ್ಟಿ ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ, ತಲುಪಬೇಕು. ಅದರ ಕೆಳಗೆ ಇನ್ನೆರಡು ಅಂಕಿ ಸೇರಿಸಿದರೆ ಇನ್ನೂ ಒಳ್ಳೆಯದು: ಎಷ್ಟು ಬಾಟಲಿ ಕಡಿಮೆ ರಕ್ತದಿಂದ ಬಂದವು, ಎಷ್ಟು ಆಂಟಿಬಯೋಟಿಕ್ ಶುರುವಾದ ಮೇಲೆ ಬಂದವು.